ಟ್ಯಾಂಕಿನ ಮ್ಯಾಲ ಬಿಳಿ ಮಂಜು, ತೋಳಿನಾಗ ಬಿರುಕು, ಉದುರೋ ಎರಿ ಮಣ್ಣು: ತಪ್ಪು ಯಾವ ಪದರಿನಾಗದ ಅಂತ ಹಿಡಿಯೋದು ಹೆಂಗ

ಹೋದ ಆಗಸ್ಟ್‌ನಾಗ ಕಲಬುರಗಿಯಾಗ ನಾಲ್ಕು ದಿನ ಜಿಟಿಜಿಟಿ ಮಳಿ ಹಿಡಿದಿತ್ತು, ಐದು ತಿಂಗಳಿಂದ ಕಟ್ಟಿಕೋತ ಬಂದಿದ್ದ 1/16 ಅಳತಿ (ಖರೇದರ ಹದಿನಾರನೇ ಒಂದು ಪಾಲು) ಪ್ಲಾಸ್ಟಿಕ್ ಮಾಡೆಲ್, ಎರಡನೇ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕಿಂದು, ಅದಕ್ಕ ಕೊನಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡದು ಕೆಳಗ ಹೋಗಿ ಚಹಾ ಕುಡ್ದು ಮಾಳಗಿ ಮ್ಯಾಲಿನ ಖೋಲಿಗಿ ವಾಪಸ್ ಬಂದು ನೋಡ್ತೀನಿ, ಇಡೀ ಗೋಪುರ ವಿಭೂತಿ ಬಳಕೊಂಡಂಗ ಬೆಳ್ಳಗ ಆಗಿತ್ತು. ಗಾಬರಿ ಆಗಿ ಅದರ ಮ್ಯಾಲೇ ಇನ್ನೊಂದು ಕೋಟ್ ಹೊಡದೆ. ಇನ್ನೂ ಬೆಳ್ಳಗ ಆತು. ಅದನ್ನ ಸರಿ ಮಾಡ್ಲಿಕ್ಕೆ ಮೂರು ವಾರ ಹಿಡೀತು, ಆ ಮೂರು ವಾರದಾಗ ಮತ್ತ ಅದಕ್ಕಿಂತ ಮೊದಲ ಮಾಡಿದ ತಪ್ಪಿನಾಗ ನಾ ಕಲಿತದ್ದನ್ನ ಇಲ್ಲಿ ಬರ್ದೀನಿ, ನಮ್ಮ ಕಡಿ ಹವಾದಾಗ ಈ ಕೆಲಸ ಮಾಡೋರಿಗೆ ಉಪಯೋಗ ಆಗ್ಲಿ ಅಂತ. ಡಬ್ಬಿ ಮ್ಯಾಲಿನ ಸೂಚನಾ ಎಲ್ಲಾ ತಂಪು ದೇಶದ ಲೆಕ್ಕದಾಗ ಇರ್ತಾವ, ಮೇ ತಿಂಗಳಾಗ 42 ಡಿಗ್ರಿ, ಮಳಿಗಾಲದಾಗ ಒಣಹಾಕಿದ ಅರಿವಿ ಎರಡು ದಿನ ಆರದಂಥ ಹವಾ, ಇದಕ್ಕ ಅವು ಹೊಂದಂಗಿಲ್ಲ.

1/16 ಯಾಕ ಬ್ಯಾರೆ ಅಂತ ಮೊದಲ ಹೇಳ್ತೀನಿ. ಖರೇ ಟೈಗರಿನ ಒಡಲು, ತೋಪಿನ ನಳಿಗಿ ಬಿಟ್ಟು, 6.3 ಮೀಟರ್ ಉದ್ದ ಇತ್ತು, 16ರಿಂದ ಭಾಗಿಸಿದ್ರ ಹತ್ರ ಹತ್ರ 39 ಸೆಂಟಿಮೀಟರ್ ಬರ್ತದ. ಯುದ್ಧದಾಗ ಹಾಕ್ತಿದ್ದ ಟ್ರ್ಯಾಕ್, ಅಂದ್ರ ಗಾಲಿ ಸುತ್ತ ತಿರುಗೋ ಕೊಂಡಿ ಪಟ್ಟಿ, ಅದರ ಅಗಲ 725 ಮಿಲಿಮೀಟರ್ ಇತ್ತು, ನಮ್ಮ ಮಾಡೆಲ್‌ನಾಗ ಅದು ನಾಲ್ಕೂವರೆ ಸೆಂಟಿಮೀಟರ್, ಒಂದೊಂದು ಕಡಿ 96 ಕೊಂಡಿ, ಎರಡೂ ಕೂಡಿ 192. ಇಷ್ಟು ದೊಡ್ಡ ಬಯಲು ಇದ್ದಾಗ 1/35 ಅಳತಿ ಸಣ್ಣ ಮಾಡೆಲ್‌ನಾಗ ಕಣ್ಣಿಗಿ ಬೀಳದಂಥ ಒರಟು, ಗೆರಿ, ಮಂಜು ಎಲ್ಲಾ ಎದ್ದು ಕಾಣ್ತಾವ. ಭಾರನೂ ಜಾಸ್ತಿ, ಆ ಭಾರ ಎಲ್ಲಾ ಗಾಲಿ ತೋಳಿನ (ಒಡಲಿಗಿ ಗಾಲಿ ಹಿಡದಿರೋ ತೋಳು) ಮ್ಯಾಲ ಕೂಡ್ತದ, ಅದರ ಕಥಿ ಆಮ್ಯಾಲ ಬರ್ತದ.

ತಪ್ಪು ಕಂಡ ಕೂಡ್ಲೇ ಏನೂ ಹೊಡೀಬ್ಯಾಡ್ರಿ, ಏನೂ ಉಜ್ಜಬ್ಯಾಡ್ರಿ. ಮಾಡೆಲ್ ಮ್ಯಾಲ ಕಡಿಮಿ ಅಂದ್ರೂ ಏಳು ಪದರು ಇರ್ತಾವ: ಪ್ಲಾಸ್ಟಿಕ್, ಪ್ರೈಮರ್ (ಬಣ್ಣ ಹಿಡೀಲಿ ಅಂತ ಮೊದಲ ಹೊಡಿಯೋ ಕೋಟ್), ಮೂಲ ಬಣ್ಣ, ಗ್ಲಾಸ್ (ಹೊಳಪಿನ) ವಾರ್ನಿಷ್ ಮತ್ತ ಡಿಕಾಲ್ (ನೀರಿನಾಗ ನೆನಸಿ ಅಂಟಿಸೋ ಗುರುತಿನ ಚಿತ್ರ), ವಾಶ್ (ಸಂದಿನಾಗ ಇಳಿಯೋ ತೆಳ್ಳನ ಗಾಢ ಬಣ್ಣ), ಮ್ಯಾಟ್ ವಾರ್ನಿಷ್, ಅದರ ಮ್ಯಾಲ ಧೂಳು ಮಣ್ಣು. ತಪ್ಪು ಕಾಣೋದು ಮ್ಯಾಲಿನ ಪದರಿನಾಗ, ಹುಟ್ಟಿರೋದು ಎರಡು ಪದರು ಕೆಳಗ ಇರಬಹುದು. ಇದನ್ನ ಹಿಡೀಲಿಕ್ಕೆ ನನಗ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆದದ್ದು ಸಂತಿಯಾಗ ಸಿಗೋ ಬಿಳಿ ಪ್ಲಾಸ್ಟಿಕ್ ಚಮಚ. ಟ್ಯಾಂಕಿಗೆ ಏನು ಹೊಡೀತೀನೋ ಅದನ್ನ ಅದೇ ದಿನ ಅದೇ ಹೊತ್ತಿಗೆ ಚಮಚಕ್ಕೂ ಹೊಡೀತೀನಿ, ಆದ್ರ ಪ್ರತಿ ಪದರಿನಾಗೂ ಒಂದು ಬೆರಳು ಅಗಲ ಜಾಗ ಟೇಪ್ ಹಚ್ಚಿ ಬಿಟ್ಟುಬಿಡ್ತೀನಿ, ಹಂಗಾಗಿ ಹಿಡಿಕಿಯಿಂದ ತುದಿ ತನಕ ಎಲ್ಲಾ ಪದರೂ ಸಾಲಾಗಿ ಕಾಣ್ತಾವ. ಹಿಂದ ಮಾರ್ಕರ್‌ನಾಗ ತಾರೀಖು, ಹೊತ್ತು, ಹವಾದಾಗ ತೇವ ಎಷ್ಟಿತ್ತು ಅಂತ ಬರೀರಿ, ತೇವ ತೋರ್ಸೋ ಸಣ್ಣ ಮೀಟರ್ ಸಿಗ್ತದ. ನಾ ಇದಕ್ಕ ಸಾಕ್ಷಿ ಚಮಚ ಅಂತೀನಿ. ಟ್ಯಾಂಕಿನ ಮ್ಯಾಲ ಮಾಡ್ಬೇಕಾದ ಪರೀಕ್ಷಾ ಎಲ್ಲಾ ಮೊದಲ ಇದರ ಮ್ಯಾಲ.

ಬಿಳಿ ಮಂಜು

ಬೆಳ್ಳಗ ಆಗೋದಕ್ಕ ಕಾರಣ ಒಂದೇ ಅಲ್ಲ, ಮೂರು ಅದಾವ, ಮೂರಕ್ಕೂ ಔಷಧ ಬ್ಯಾರೆ. ಮೊದಲ ಕಾಟನ್ ಬಡ್ ನೀರಿನಾಗ ಅದ್ದಿ ಮೆಲ್ಲಕ ಒರಸ್ರಿ. ಆ ಬಿಳಿ ಬಡ್‌ಗೆ ಅಂಟಿ ಬಂದು ಜಾಗ ಒಣಗಿದ ಮ್ಯಾಲೂ ಸ್ವಚ್ಛ ಉಳೀತು ಅಂದ್ರ ಅದು ವಾರ್ನಿಷ್ ತಪ್ಪಲ್ಲ, ಉಪ್ಪು. ನಮ್ಮ ಮನಿ ಬೋರಿನ ನೀರು ಭಾಳ ಗಡಸು, ಕಾಸಿದ ಪಾತ್ರಿ ತಳದಾಗ ಬೆಳ್ಳನ ಪದರು ಕೂಡ್ತದ, ಸುಣ್ಣದ ಕಲ್ಲಿನ ನಾಡು ನಮ್ದು, ಶಹಾಬಾದ್ ಫರಸಿ ಬರೋದು ಅದೇ ನೆಲದಿಂದ. ಆ ನೀರಿನಾಗ ಡಿಕಾಲ್ ನೆನೆಹಾಕಿದ್ರ ಅಥವಾ ಟ್ಯಾಂಕ್ ತೊಳದ್ರ ಹನಿ ಆರಿದಲ್ಲಿ ಉಂಗುರದಂಗ ಬಿಳಿ ಅಂಚು ಉಳೀತದ. ಅಂಚು ಉಂಗುರದಂಗ ಇದ್ರ ಉಪ್ಪು ಅಂತ ಅರ್ಧ ಅಲ್ಲೇ ಗೊತ್ತಾಗ್ತದ. ಬ್ಯಾಟರಿಗಿ ಹಾಕೋ ಡಿಸ್ಟಿಲ್ಡ್ ವಾಟರ್ ಒಂದು ಬಾಟ್ಲಿ ತಂದು ಅದರಾಗೇ ಡಿಕಾಲ್ ಕೆಲಸ ಮಾಡ್ರಿ, ಮುಗೀತು.

ನೀರಿಗೆ ಹೋಗಲಿಲ್ಲ ಅಂದ್ರ ಇನ್ನೊಂದು ಬಡ್‌ನಾಗ ಟರ್ಪಂಟೈನ್ ಹಚ್ಚಿ ಬರೇ ಒದ್ದಿ ಮಾಡ್ರಿ, ತಿಕ್ಕಬ್ಯಾಡ್ರಿ. ಒದ್ದಿ ಇದ್ದಷ್ಟು ಹೊತ್ತು ಬಿಳಿ ಮಾಯ ಆಗಿ ಕೆಳಗಿನ ಬಣ್ಣ ಛಲೋ ಕಂಡು, ಆರಿದ ಕೂಡ್ಲೇ ಬಿಳಿ ವಾಪಸ್ ಬಂತು ಅಂದ್ರ, ಬಣ್ಣಕ್ಕ ಏನೂ ಆಗಿಲ್ಲ, ತಪ್ಪು ಮ್ಯಾಲಿನ ವಾರ್ನಿಷ್ಷಿನಾಗ ಮಾತ್ರ ಅದ. ಇದು ಭಾಳ ಸಮಾಧಾನದ ಸುದ್ದಿ. ಈಗ ಆ ಬಿಳಿ ಎಲ್ಲಿ ಅದ ಅಂತ ನೋಡ್ರಿ. ಮೂಲಿಯಾಗ, ಬೋಲ್ಟಿನ ಸುತ್ತ, ಗೋಪುರ ಒಡಲಿಗಿ ಸೇರೋ ಸಂದಿನಾಗ ಮಾತ್ರ ಇದ್ರ ಅದು ಮ್ಯಾಟ್ ಪುಡಿ. ಮ್ಯಾಟ್ ವಾರ್ನಿಷ್ಷಿನಾಗ ಹೊಳಪು ಮುರೀಲಿಕ್ಕೆ ಸಿಲಿಕಾದಂಥ ನುಣುಪು ಪುಡಿ ಹಾಕಿರ್ತಾರ, ಅದು ಬಾಟ್ಲಿ ತಳದಾಗ ಕೂಡ್ತದ, ಸರಿಯಾಗಿ ಅಲುಗಾಡಿಸದೆ ಹಾಕಿದ್ರ ಮೊದಲ ಹೊಳಪು ಬರ್ತದ, ಬಾಟ್ಲಿ ಕೊನಿಗಿ ಬಂದಾಗ ಬರೇ ಪುಡಿ ಬರ್ತದ, ದಪ್ಪ ಹೊಡದಲ್ಲಿ ಹಿಟ್ಟಿನಂಗ ನಿಲ್ತದ. ಇಡೀ ಮ್ಯಾಲ್ಮೈ ಒಂದೇ ಸಮ ಹಾಲಿನಂಗ ಆಗಿದ್ರ, ಅದೂ ಹೊಡದ ಹತ್ತು ಹದಿನೈದು ನಿಮಿಷದಾಗ ಆಗಿದ್ರ, ಅದು ಮಳಿಗಾಲದ ತೇವ. ಥಿನ್ನರ್ (ಬಣ್ಣ, ವಾರ್ನಿಷ್ ತೆಳ್ಳಗ ಮಾಡೋ ದ್ರವ) ಝಟ್ ಅಂತ ಹಾರಿದಾಗ ಆ ಜಾಗ ತಂಪಾಗ್ತದ, ತಂಪಿಗಿ ಹವಾದಾಗಿನ ತೇವ ಬಂದು ಇನ್ನೂ ಹಸಿ ಇರೋ ವಾರ್ನಿಷ್ಷಿನಾಗ ಸಿಕ್ಕಿ ಬೀಳ್ತದ. ನಂದು ಇದೇ ಆಗಿತ್ತು, ಚಮಚದ ಹಿಂದ ಆಮ್ಯಾಲ ನೋಡಿದೆ, ತೇವ ಶೇಕಡಾ 88 ಅಂತ ನಾನೇ ಬರದಿದ್ದೆ.

ಪುಡಿ ಇದ್ರ ಔಷಧ: ತೆಳ್ಳನ ಗ್ಲಾಸ್ ವಾರ್ನಿಷ್ ಒಂದು ಕೋಟ್. ಗ್ಲಾಸ್ ಆ ಒರಟಿನಾಗ ಇಳದು ತುಂಬಿಕೊಂಡ್ರ ಬೆಳಕು ಚದುರೋದು ನಿಲ್ತದ, ಬಿಳಿ ಕಣ್ಣೆದುರಿಗೇ ಕರಗ್ತದ, ಮೊದಲ ಸಲ ನೋಡಿದಾಗ ನನಗ ನಂಬಲಿಕ್ಕೆ ಆಗಲಿಲ್ಲ. ಎರಡು ದಿನ ಬಿಟ್ಟು ಹೊಸ ಮ್ಯಾಟ್, ಬಾಟ್ಲಿ ಐದು ನಿಮಿಷ ಅಲುಗಾಡಿಸಿ, ತೆಳ್ಳಗ. ತೇವ ಸಿಕ್ಕಿಬಿದ್ದದ್ದು ಇದ್ರ, ಮತ್ತ ನೀವು ಹೊಡದದ್ದು ಲ್ಯಾಕರ್ ವಾರ್ನಿಷ್ (ಘಾಟು ಥಿನ್ನರಿನಾಗ ಕರಗೋ ಜಾತಿ) ಇದ್ರ, ಮಳಿ ನಿಂತು ಒಣ ಹವಾ ಬರೋ ತನಕ ಕಾಯ್ರಿ, ಆಮ್ಯಾಲ ಅದೇ ಕಂಪನಿ ಲ್ಯಾಕರ್ ಥಿನ್ನರಿಗೆ ಸ್ವಲ್ಪ ರಿಟಾರ್ಡರ್ ಕಲಿಸಿ, ರಿಟಾರ್ಡರ್ ಅಂದ್ರ ನಿಧಾನ ಆರೋ ಥಿನ್ನರ್, ಬರೇ ಅದನ್ನೇ ದೂರದಿಂದ ಇಬ್ಬನಿ ಬಿದ್ದಂಗ ಹೊಡೀರಿ, ವಾರ್ನಿಷ್ ಮತ್ತ ಮೆತ್ತಗ ಆಗಿ ಒಳಗಿನ ತೇವಕ್ಕ ಹೊರಗ ಹೋಗ್ಲಿಕ್ಕೆ ದಾರಿ ಸಿಗ್ತದ. ಸುರಿಯೋ ಹಂಗ ಹೊಡದ್ರ ಕೆಳಗಿನ ಬಣ್ಣ ಹರೀತದ, ಅದಕ್ಕ ಮೊದಲ ಚಮಚ. ಈಗ ನನ್ನ ನಿಯಮ, ಮೀಟರ್ 75 ದಾಟಿದ್ರ ಏರ್‌ಬ್ರಷ್ (ಹವಾದ ಒತ್ತಡದಿಂದ ಬಣ್ಣ ಸಿಂಪಡಿಸೋ ಸಾಧನ) ಮುಟ್ಟಂಗಿಲ್ಲ, ಎಷ್ಟೇ ಆಸಿ ಇದ್ರೂ.

ಮರಳು ಕಾಗದದಂಗ ಒರಟು

ಇದು ಬ್ಯಾಸಗಿ ರೋಗ. ಏಪ್ರಿಲ್ ಮಧ್ಯಾಹ್ನ ಪತ್ರಾ ಖೋಲಿಯಾಗ ಕುಂತು ಹೊಡದ್ರ ಬಣ್ಣದ ಹನಿ ಪ್ಲಾಸ್ಟಿಕ್ ಮುಟ್ಟೋದ್ರೊಳಗೇ ಆರಿಬಿಡ್ತದ, ಬಂದು ಕೂಡೋದು ಬಣ್ಣ ಅಲ್ಲ, ಬಣ್ಣದ ಧೂಳು. ಪರೀಕ್ಷಾ: ಒಣಗಿದ ಬಣ್ಣದ ಮ್ಯಾಲ ಬೆರಳು ಆಡಿಸ್ರಿ, ಬೆರಳಿಗಿ ಪುಡಿ ಹತ್ತಿ ಕೆಳಗ ನುಣುಪು ಸಿಕ್ತು ಅಂದ್ರ ಬರೇ ಮ್ಯಾಲ ಕುಂತದ್ದು, ಹಳೇ ಮೆತ್ತನ ಹತ್ತಿ ಅರಿವಿಲಿಂದ ಉಜ್ಜಿದ್ರ ಹೋಗ್ತದ. ಪುಡಿ ಬರದೆ ಒರಟೇ ಉಳೀತು ಅಂದ್ರ 2000 ನಂಬರ್ ಕಾಗದ ನೀರಿನಾಗ ಅದ್ದಿ ತೀಡಬೇಕು. ಮುಂದ ಆಗಬಾರದು ಅಂದ್ರ ಮುಂಜಾನಿ ಐದೂವರೆಕ್ಕ ಎದ್ದು ಹೊಡೀರಿ, ಹತ್ರದಿಂದ ಹೊಡೀರಿ, ನಾ ಎಂಟು ಸೆಂಟಿಮೀಟರ್ ಇಡ್ತೀನಿ, ಒತ್ತಡ 15 ಪಿಎಸ್‌ಐ ಸುತ್ತ, ಥಿನ್ನರಿನಾಗ ಹತ್ತಕ್ಕ ಒಂದು ಪಾಲು ರಿಟಾರ್ಡರ್. ಒಂದು ಮಾತು, ಆಕ್ರಿಲಿಕ್ ಅಂತ ಬರದದ್ದೆಲ್ಲಾ ಒಂದೇ ಅಲ್ಲ. ಕೆಲವು ಸ್ಪಿರಿಟ್ಟಿನಾಗ ಕರಗ್ತಾವ, ಕೆಲವು ನೀರಿನ ಜಾತಿ, ನೀರಿನ ಜಾತಿಗಿ ಸ್ಪಿರಿಟ್ ಹಾಕಿದ್ರ ಬಟ್ಟಲದಾಗೇ ಹಾಲು ಒಡದಂಗ ಗಂಟು ಗಂಟು ಆಗ್ತದ, ಅದರ ಒರಟು ಹವಾದ ತಪ್ಪಲ್ಲ.

ಟೇಪಿನ ಕೂಡ ಬಣ್ಣ ಎದ್ದು ಬಂದ್ರ

ಎದ್ದ ಚಕ್ಕಿ ಬಿಸಾಕಬ್ಯಾಡ್ರಿ, ತಿರುವಿ ಹಾಕಿ ಅದರ ಬೆನ್ನು ನೋಡ್ರಿ. ಬೆನ್ನಿಗಿ ಪ್ರೈಮರ್ ಹತ್ತಿ ಬಂದು ಟ್ಯಾಂಕಿನ ಮ್ಯಾಲ ಬರೇ ಪ್ಲಾಸ್ಟಿಕ್ ಕಾಣ್ತಿದ್ರ, ಪ್ರೈಮರ್ ಹಿಡದಿಲ್ಲ, ಅಂದ್ರ ಅಚ್ಚಿನಿಂದ ಬಂದ ಎಣ್ಣಿ ಅಥವಾ ನಮ್ಮ ಕೈ ಬೆವರು ಪ್ಲಾಸ್ಟಿಕ್ ಮ್ಯಾಲ ಉಳದಿತ್ತು. ಚಕ್ಕಿ ಬೆನ್ನು ಬಣ್ಣದ್ದೇ ಇದ್ದು ಟ್ಯಾಂಕಿನ ಮ್ಯಾಲ ಪ್ರೈಮರ್ ಗಟ್ಟಿ ಕುಂತಿದ್ರ, ಪ್ರೈಮರ್ ಮತ್ತ ಬಣ್ಣದ ನಡುವೆ ಧೂಳೋ ಬೆವರೋ ಬಂದದ, ಇಲ್ಲಂದ್ರ ಬಣ್ಣ ಪೂರಾ ಆರೋ ಮೊದಲ ಟೇಪ್ ಹಚ್ಚೀರಿ. ಮೊದಲನೇದು ಇದ್ರ ತೇಪಿ ಹಚ್ಚೋದ್ರಾಗ ಅರ್ಥ ಇಲ್ಲ, ಒಂದು ಕಡಿ ಎದ್ದದ್ದು ಇನ್ನೊಂದು ಕಡಿನೂ ಏಳ್ತದ, ಆ ತುಂಡು ಪೂರಾ ಬಣ್ಣ ತಗದು ಪಾತ್ರಿ ತೊಳಿಯೋ ಸೋಪಿನಾಗ ತೊಳದು ಮೊದಲಿಂದ ಮಾಡ್ರಿ. ಎರಡನೇದು ಇದ್ರ ಅಂಚು ತೀಡಿ ಆ ಜಾಗಕ್ಕಷ್ಟೇ ಬಣ್ಣ ಹೊಡದ್ರ ಸಾಕು.

ಗಾಲಿ ತೋಳು ಪಟ್ ಅಂದದ್ದು

ನನಗ ಎಲ್ಲಕ್ಕಿಂತ ಸಂಕಟ ಆದದ್ದು ಇದು. ವಾಶ್ ಹಚ್ಚಿ ಮಲಗಿದೆ, ಮುಂಜಾನಿ ಎದ್ದು ನೋಡಿದ್ರ ಟ್ಯಾಂಕ್ ಎಡಕ್ಕ ವಾಲಿತ್ತು. ಟೈಗರಿಗೆ ಒಂದೊಂದು ಕಡಿ ಎಂಟು ತೋಳು, ಅವುಗಳ ಮ್ಯಾಲ ಗಾಲಿ ಒಂದರ ಮ್ಯಾಲ ಒಂದು ಹೆಣದಂಗ ಕೂಡ್ತಾವ, ಒಳಗಿನ ತೋಳು ಮುರದ್ರ ಅದನ್ನ ಮುಟ್ಟಲಿಕ್ಕೆ ಹೊರಗಿನ ಗಾಲಿ ಎಲ್ಲಾ ತಗೀಬೇಕು, ಖರೇ ಟೈಗರ್ ರಿಪೇರಿ ಮಾಡ್ತಿದ್ದ ಸಿಪಾಯಿಗಳಿಗೂ ಇದೇ ಗೋಳಿತ್ತು.

ಮೊದಲ ಇದು ಬಣ್ಣದ ಬಿರುಕೋ ಪ್ಲಾಸ್ಟಿಕ್ಕಿನ ಬಿರುಕೋ ತಿಳ್ಕೋರಿ. ಬಣ್ಣದ್ದು ಇದ್ರ ಬ್ಯಾಸಗಿ ಕೆರಿ ತಳದಂಗ ಜಾಲಿ ಜಾಲಿ ಇರ್ತದ, ಉಗುರಿಲಿಂದ ಕೆರದ್ರ ಚಕ್ಕಿ ಏಳ್ತದ. ಪ್ಲಾಸ್ಟಿಕ್ಕಿಂದು ಇದ್ರ ಒಂದೇ ಗೆರಿ, ನೆಟ್ಟಗ, ಸ್ಕ್ರೂ ತೂತಿನಿಂದ ಅಥವಾ ಮೂಲಿಯಿಂದ ಶುರು ಆಗಿರ್ತದ, ಮೆಲ್ಲಕ ಬಾಗಿಸಿದ್ರ ಬಾಯಿ ತಗೀತದ. ನಂದು ಸ್ಕ್ರೂ ತೂತಿನಿಂದ ಹೊಂಟಿತ್ತು. ಕಾರಣ ಎರಡು ಕೂಡಬೇಕು, ಒಂದೇ ಇದ್ರ ಆಗಂಗಿಲ್ಲ: ಪ್ಲಾಸ್ಟಿಕ್ ಮೊದಲೇ ಎಳತದಾಗ ಇರಬೇಕು, ಅಂದ್ರ ಸ್ಕ್ರೂ ಬಿಗಿ ತಿರುವಿರಬೇಕು ಅಥವಾ ತುಂಡನ್ನ ಜಬರದಸ್ತಿ ಬಾಗಿಸಿ ಅಂಟಿಸಿರಬೇಕು, ಮತ್ತ ಆ ಜಾಗಕ್ಕ ಟರ್ಪಂಟೈನ್‌ನಂಥ ದ್ರವ ಹೋಗಿ ತಾಸುಗಟ್ಟಲೆ ನಿಂತಿರಬೇಕು. ಎಳತ ಇಲ್ಲದ ಪ್ಲಾಸ್ಟಿಕ್ಕಿಗೆ ಅದೇ ವಾಶ್ ಏನೂ ಮಾಡಂಗಿಲ್ಲ, ಅದಕ್ಕೇ ಒಡಲಿನ ಮ್ಯಾಲ ಏನೂ ಆಗದೆ ತೋಳು ಮಾತ್ರ ಹೋದವು. ಇದು ಗೊತ್ತಾಗದೆ ನಾನು ಮೊದಲ ವಾಶ್ ಕೆಟ್ಟದ್ದು ಅಂತ ತಿಳ್ಕೊಂಡು ಇನ್ನೊಂದು ಕಂಪನಿದು ತಂದೆ, ಅದರಾಗೂ ಇನ್ನೊಂದು ತೋಳು ಹೋತು. ತುಂಡು ಎಬಿಎಸ್ ಅನ್ನೋ ಬ್ಯಾರೆ ಜಾತಿ ಪ್ಲಾಸ್ಟಿಕ್ ಇದ್ರ ಇನ್ನೂ ಹುಷಾರ್ ಇರ್ರಿ.

ಸರಿ ಮಾಡಿದ್ದು ಹಿಂಗ. ಎಲ್ಲಾ ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿದೆ. ಮುರದ ತೋಳಿನ ಎರಡೂ ಮುಖದಾಗ 1 ಮಿಲಿಮೀಟರ್ ತೂತು ಕೊರದು ಹಿತ್ತಾಳಿ ಕಡ್ಡಿ ಕೂಡಿಸಿ ಎಪಾಕ್ಸಿ ಹಾಕಿದೆ, ಯಾಕಂದ್ರ ಬರೇ ಪ್ಲಾಸ್ಟಿಕ್ ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಕೂಡಿಸೋ ಅಂಟು) ಆ ಭಾರ ತಡಿಯಂಗಿಲ್ಲ, ಎಬಿಎಸ್ ಇದ್ರಂತೂ ಮಾಮೂಲಿ ಸಿಮೆಂಟ್ ಹಿಡಿಯೋದೂ ಇಲ್ಲ. ಆರೋ ತನಕ ಟ್ಯಾಂಕನ್ನ ಒಡಲಿನ ಕೆಳಗ ಕಟ್ಟಿಗಿ ಇಟ್ಟು ಎತ್ತಿ ನಿಲ್ಲಿಸಿದೆ. ಈಗ ವಾಶ್ ಮಾಡೋವಾಗ್ಲೂ ಹಂಗೇ ಎತ್ತಿ ಇಡ್ತೀನಿ, ತೋಳಿನ ಮ್ಯಾಲ ಭಾರ ಇರಂಗಿಲ್ಲ. ತೋಳು, ಸ್ಕ್ರೂ ಸುತ್ತ ಎರಡು ಕೋಟ್ ಗ್ಲಾಸ್ ಮೊದಲ, ಆಮ್ಯಾಲ ವಾಶ್ ಇಡೀ ಬಳಿಯೋದಲ್ಲ, ಸಣ್ಣ ಕುಂಚದ ತುದಿಲಿಂದ ಸಂದಿಗಷ್ಟೇ, ಮಡುಗಟ್ಟಿದ್ದನ್ನ ಕೂಡ್ಲೇ ಒಣ ಕುಂಚಲಿಂದ ಹೀರಿ ತಗೀಬೇಕು, ಫ್ಯಾನಿನ ಕೆಳಗ ಆರಿಸಬೇಕು.

ತುಕ್ಕು ಜಾಸ್ತಿ ಆಗಿ ಖರೇ ಅನಿಸವಲ್ದು ಅಂತ ಭಾಳ ಮಂದಿ ಕೇಳ್ತಾರ. ಇದು ಕೈ ತಪ್ಪಲ್ಲ, ತಿಳುವಳಿಕಿ ತಪ್ಪು. ಟೈಗರ್ ತಯಾರಾದದ್ದು 1942ರಿಂದ 1944ರ ತನಕ ಮಾತ್ರ, ಎಷ್ಟೋ ಟ್ಯಾಂಕ್ ಕೆಲವು ತಿಂಗಳು ಸುದ್ದಾ ಬಾಳಲಿಲ್ಲ, ಅಷ್ಟರಾಗ ದಪ್ಪ ಕವಚ ತುಕ್ಕು ಹಿಡದು ಚಕ್ಕಿ ಏಳಂಗಿಲ್ಲ. ತುಕ್ಕು ಬೇಕಾದದ್ದು ಹೊಗಿ ಕೊಳವಿಗಿ, ಅದು ಕಾದು ಕಾದು ಬಣ್ಣ ಸುಟ್ಟು ಲಗೂನ ತುಕ್ಕು ಹಿಡೀತದ, ಮತ್ತ ಟ್ರ್ಯಾಕಿಗೆ. ಕವಚದ ಮ್ಯಾಲ ಬಣ್ಣ ಕೆತ್ತಿದಲ್ಲಿ ಪ್ರೈಮರಿನ ಕೆಂಪು ಕಾಣಬಹುದು, ಅದನ್ನ ತುಕ್ಕು ಅಂತ ತಿಳ್ಕೊಂಡು ಕಿತ್ತಳಿ ಬಣ್ಣ ಬಳೀಬ್ಯಾಡ್ರಿ. ಧೂಳು ಎಲ್ಲಿ ಕೂಡ್ತದ, ಮಳಿ ಎಲ್ಲಿ ತೊಳೀತದ ಅನ್ನೋದಕ್ಕ ವಾಡಿ, ಸೇಡಂ ಕಡಿಂದ ಬರೋ ಸಿಮೆಂಟ್ ಲಾರಿಗಿಂತ ಛಲೋ ಗುರು ಇಲ್ಲ, ಒಂದು ಮಳಿ ಬಿದ್ದ ಮರುದಿನ ರಿಂಗ್ ರೋಡಿನಾಗ ಅರ್ಧ ತಾಸು ನಿಂತು ನೋಡ್ರಿ. ಬೋಲ್ಟಿನಿಂದ ಗೆರಿ ಹೆಂಗ ಇಳೀತದ, ಯಾವ ಅಂಚು ಕೈ ತಾಗಿ ಹೊಳೀತದ, ಎಲ್ಲಾ ಅಲ್ಲೇ ಅದ.

ಟ್ರ್ಯಾಕ್ ಬಗ್ಗಿ ಜಾಸ್ತಿ ಹೇಳಂಗಿಲ್ಲ. ಟೈಗರಿನ ಟ್ರ್ಯಾಕ್ ಮ್ಯಾಲಿನ ಭಾಗ ಗಾಲಿಗಳ ಮ್ಯಾಲ ಜೋತು ಕೂಡ್ತದ, ನಿಮ್ದು ಹಗ್ಗದಂಗ ಬಿಗಿ ಇದ್ರ ಒಂದು ಕೊಂಡಿ ಸೇರಿಸಿ ನೋಡ್ರಿ, ಮತ್ತ ಹಿಂದಿನ ಐಡ್ಲರ್ ಗಾಲಿ (ಟ್ರ್ಯಾಕ್ ಬಿಗಿ ಹಿಡಿಯೋ ಗಾಲಿ) ಸ್ವಲ್ಪ ಮುಂದ ತರ್ರಿ. ಬಿಗಿ ಟ್ರ್ಯಾಕ್ ಕೂಡ ತೋಳನ್ನ ಎಳತದಾಗ ಇಡ್ತದ, ಮ್ಯಾಲಿನ ಬಿರುಕಿನ ಕಥಿ ನೆನಪಿರ್ಲಿ.

ಉದುರೋ ಮಣ್ಣು

ಈಗ ನಮ್ಮ ನೆಲದ ಮಾತು. ಪಿಗ್ಮೆಂಟ್ (ಧೂಳು ಮಣ್ಣು ತೋರಿಸಲಿಕ್ಕೆ ಹಚ್ಚೋ ಬಣ್ಣದ ಪುಡಿ) ಡಬ್ಬಿ ತುಟ್ಟಿ, ಹೊರಗ ಹೋದ್ರ ಹೊಲದ ತುಂಬ ಮಣ್ಣು ಅದ, ಹಂಗಾಗಿ ಊರ ಹೊರಗಿನ ತೊಗರಿ ಹೊಲದಿಂದ ಎರಿ ಮಣ್ಣು ತಂದು ಹೆಂಚಿನ ಮ್ಯಾಲ ಹುರದು, ಕುಟ್ಟಿ, ಸಾಣಗಿ ಹಿಡದು, ಆಮ್ಯಾಲ ಹಳೇ ಧೋತರದಾಗ ಸೋಸಿ, ನೀರು ಮತ್ತ ಸ್ವಲ್ಪ ಫೆವಿಕಾಲ್ ಹಾಕಿ ಟ್ಯಾಂಕಿನ ಕೆಳಭಾಗಕ್ಕ ದಪ್ಪ ಮೆತ್ತಿದೆ. ನವೆಂಬರ್‌ನಾಗ ಭಾಳ ಛಂದ ಕಾಣ್ತಿತ್ತು. ಫೆಬ್ರವರಿಗಿ ಸೀಳು ಬಿತ್ತು, ಮಾರ್ಚಿನಾಗ ತಟ್ಟಿ ತಟ್ಟಿಯಾಗಿ ಉದುರ್ತು, ಉದುರೋವಾಗ ಕೆಳಗಿನ ಬಣ್ಣನೂ ಕಿತಗೊಂಡು ಹೋತು.

ಅಂಟು ಕಡಿಮಿ ಆತು ಅಂತ ತಿಳೀಬ್ಯಾಡ್ರಿ, ನಾನೂ ಹಂಗೇ ತಿಳ್ಕೊಂಡಿದ್ದೆ. ಪರೀಕ್ಷಾ ಸರಳ ಅದ: ಉದುರಿದ ಚಕ್ಕಿ ತಗೊಂಡು ನೋಡ್ರಿ, ಅದು ಬಟ್ಟಲದಂಗ ಅಂಚು ಮ್ಯಾಲ ಮಾಡಿ ಮುದುರಿದ್ರ ಮಣ್ಣು ಕುಗ್ಗಿ ಎಳದದ್ದು, ಚಪ್ಪಟಿನೇ ಇದ್ದು ಸುಮ್ಕ ಬಿದ್ದಿದ್ರ ಅಂಟು ಹಿಡದಿಲ್ಲ. ನಂದು ಬಟ್ಟಲದಂಗ ಮುದುರಿತ್ತು. ಎರಿ ಮಣ್ಣಿನ ಗುಣನೇ ಅದು, ನೀರು ಕುಡದು ಉಬ್ಬೋದು, ಆರಿದಾಗ ಕುಗ್ಗೋದು, ಬ್ಯಾಸಗಿ ಹೊಲದಾಗ ಕಾಲು ಸಿಗೋ ಅಷ್ಟು ಬಿರುಕು ಬೀಳ್ತಾವಲ್ಲ, ಅದೇ ಆಟ ಟ್ಯಾಂಕಿನ ಮ್ಯಾಲ ಸಣ್ಣದಾಗಿ ನಡದಿತ್ತು.

ಹಂಗಂತ ಎರಿ ಮಣ್ಣು ಬಿಡಬೇಕಾಗಿಲ್ಲ, ಅದರ ಕೆಲಸ ಧೂಳಿಗೆ, ಮೆತ್ತೋದಕ್ಕಲ್ಲ. ಒಣ ಪುಡಿ ಕುಂಚದಾಗ ಉದುರಿಸಿ ಸ್ವಲ್ಪ ಪಿಗ್ಮೆಂಟ್ ಫಿಕ್ಸರ್ (ಪುಡಿ ಹಿಡಿದಿಡೋ ದ್ರವ) ಮುಟ್ಟಿಸಿದ್ರ ಬೂದು ಕಂದು ಧೂಳು ಅಗದಿ ಖರೇ ಕಾಣ್ತದ. ದಪ್ಪ ಕೆಸರಿಗೆ ಬೀದರಿನ ಕೆಂಪು ಮಣ್ಣು ಛಲೋ, ಅಲ್ಲಿಯ ಗೆಳೆಯ ಒಂದು ಡಬ್ಬಿ ಕಳಿಸ್ಯಾನ, ಅದು ಎರಿ ಮಣ್ಣಿನಷ್ಟು ಕುಗ್ಗಂಗಿಲ್ಲ, ಆದ್ರ ಬಣ್ಣ ಕೆಂಪು, ರಷ್ಯಾದ ಬಯಲಿನ ಕೆಸರು ಬೇಕಂದ್ರ ಅದಕ್ಕ ಎರಿ ಮಣ್ಣು ಕಾಲು ಪಾಲು ಮೀರದಂಗ ಕಲಿಸ್ರಿ. ಇನ್ನೊಂದು, ಫರಸಿ ಪಾಲಿಶ್ ಮಾಡೋ ಅಂಗಡಿಯಾಗ ಬಿದ್ದಿರೋ ಬೂದು ಪುಡಿ ಕೇಳಿ ತರ್ರಿ, ಅದು ಕಲ್ಲಿನ ಪುಡಿ, ಉಬ್ಬೋದಿಲ್ಲ ಕುಗ್ಗೋದಿಲ್ಲ, ಕೆಸರಿನ ಮೈ ಅದರಿಂದ ಮಾಡಿ ಬಣ್ಣಕ್ಕಷ್ಟೇ ಮಣ್ಣು ಹಾಕಿದ್ರ ಗಟ್ಟಿ ನಿಲ್ತದ. ನಾ ಈಗ ಮೂರು ಪಾಲು ಫರಸಿ ಪುಡಿ, ಒಂದು ಪಾಲು ಮಣ್ಣು, ಫೆವಿಕಾಲ್ ಒಂದಕ್ಕ ಒಂದು ನೀರು ಹಾಕಿ ತೆಳ್ಳಗ ಮಾಡಿದ್ದು, ಒಮ್ಮೆಗೇ ದಪ್ಪ ಅಲ್ಲ, ಎರಡೆರಡು ದಿನ ಬಿಟ್ಟು ಮೂರು ಸಲ ಹಚ್ತೀನಿ.

ಈ ಹದ ಕೂಡ ನೇರ ಟ್ಯಾಂಕಿಗೆ ಹಚ್ಚಲಿಲ್ಲ. ಮೊದಲ ನಾಲ್ಕು ಚಮಚಕ್ಕ ನಾಲ್ಕು ಹದ ಮೆತ್ತಿ ಪತ್ರಾ ಖೋಲಿಯ ಕಿಟಕಿಯಾಗ ನೇತು ಹಾಕಿದೆ, ಏಪ್ರಿಲ್ ಬಿಸಲು ಬಡೀತು, ಮೇ ಬಡೀತು, ಎರಡು ಚಮಚ ಸೀಳಿದವು, ಒಂದು ಅಂಚಿನಾಗ ಎದ್ದಿತು, ಫರಸಿ ಪುಡಿದು ಹಂಗೇ ಕುಂತಿತ್ತು. ಜೂನಿನ ಮೊದಲ ಮಳಿ ಬಂದು ಖೋಲಿ ತಂಪಾದ ಮ್ಯಾಲ ಅದನ್ನ ಟ್ಯಾಂಕಿಗೆ ಹಚ್ಚಿದೆ.